ಪುಟ ನಲವತ್ತು, ತಲೆಬರಹ ಒಂದೇ

ನಿಮ್ಮ ಶಾಲೆಯ ಜಾಲತಾಣದಲ್ಲಿ 40 ಪುಟಗಳಿವೆ ಎಂದುಕೊಳ್ಳಿ. ಪ್ರತಿ ಪುಟದ ಮೇಲೆ ಶಾಲೆಯ ಹೆಸರು, ಕೊಂಡಿಗಳ ಪಟ್ಟಿ. ಕೆಳಗೆ ವಿಳಾಸ, ದೂರವಾಣಿ ಸಂಖ್ಯೆ. ಒಂದು ದಿನ ಸಂಖ್ಯೆ ಬದಲಾಗುತ್ತದೆ. 37 ಕಡತಗಳನ್ನು ತಿದ್ದಿ ಮೂರನ್ನು ಮರೆತರೆ, ಆ ಮೂರನ್ನು ನೋಡಿದ ಪೋಷಕರು ಹಳೆಯ ಸಂಖ್ಯೆಗೇ ಕರೆ ಮಾಡುತ್ತಿರುತ್ತಾರೆ.

ಎಲ್ಲ ಪುಟಗಳಿಗೂ ಸಮಾನವಾದ ಭಾಗವನ್ನು ಒಂದೇ ಕಡತದಲ್ಲಿಟ್ಟು, ಪ್ರತಿ ಪುಟದಲ್ಲಿ 'ಅದನ್ನು ಇಲ್ಲಿ ಸೇರಿಸು' ಎಂಬ ಆದೇಶವನ್ನಷ್ಟೇ ಬರೆಯುವುದು ಇದಕ್ಕೆ ಪರಿಹಾರ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಭಾಷೆಯಲ್ಲಿ ಈ ಆದೇಶದ ಹೆಸರು 'ಇನ್‌ಕ್ಲೂಡ್'. ಜೋಡಣೆ ನಡೆಯುವುದು ಸರ್ವರ್‌ನಲ್ಲಿ. ಬ್ರೌಸರ್‌ಗೆ ತಲುಪುವುದು ಒಂದೇ ಇಡೀ ಪುಟ; ಅದರ ಮೂಲವನ್ನು ತೆರೆದು ನೋಡಿದರೂ ಬೆಸುಗೆಯ ಗುರುತು ಸಿಗದು.

ಇದಕ್ಕೊಬ್ಬ ಸೋದರನಿದ್ದಾನೆ, 'ರಿಕ್ವೈರ್'. ಕರೆದ ಕಡತ ಸಿಗದಿದ್ದರೆ ಇನ್‌ಕ್ಲೂಡ್ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ರಿಕ್ವೈರ್ ಅಲ್ಲಿಗೇ ನಿಲ್ಲಿಸುತ್ತದೆ. ಅಡಿಬರಹವಿಲ್ಲದೆಯೂ ಪುಟ ಓದಬಹುದು. ಆದರೆ ದತ್ತಸಂಚಯಕ್ಕೆ ಸಂಪರ್ಕ ಕೊಡುವ ಕಡತವೇ ಇಲ್ಲದಿದ್ದರೆ ಮುಂದುವರಿದು ಪ್ರಯೋಜನವೇನು? ಅಲ್ಲಿ ರಿಕ್ವೈರ್ ಬೇಕು.

ಹೊಸಬರು ಎಡವುವುದು ಹೆಚ್ಚಾಗಿ ದಾರಿಯ ವಿಷಯದಲ್ಲಿ. ತಲೆಬರಹದ ಕಡತವು ಪಕ್ಕದಲ್ಲೇ ಇರುವ ಪಟ್ಟಿಯ ಕಡತವನ್ನು 'ಚುಕ್ಕೆ, ಓರೆಗೆರೆ, ಹೆಸರು' ಎಂದು ಕರೆದಿದೆ. ಮುಖಪುಟದಲ್ಲಿ ಎಲ್ಲವೂ ಸರಿ. 'ಫಲಿತಾಂಶ' ಎಂಬ ಒಳಫೋಲ್ಡರ್‌ನ ಪುಟ ತೆರೆದೊಡನೆ ಪಟ್ಟಿ ಮಾಯ! ಏಕೆಂದರೆ ಆ ಚುಕ್ಕೆಯನ್ನು ತಲೆಬರಹ ಇರುವ ಜಾಗದಿಂದ ಅಳೆಯುವುದಿಲ್ಲ. ಕಾರ್ಯಕ್ರಮ ಆಗ ಯಾವ ಫೋಲ್ಡರ್‌ನಲ್ಲಿ ನಡೆಯುತ್ತಿದೆಯೋ ಅಲ್ಲಿಂದ ಅಳೆಯುತ್ತಾರೆ. 2009ರ ಪಿಎಚ್‌ಪಿ 5.3ರಲ್ಲಿ ಬಂದ 'ಡಿರ್' ಎಂಬ ಸ್ಥಿರಾಂಕವು ಆ ಸಾಲು ಬರೆದಿರುವ ಕಡತದ ಫೋಲ್ಡರನ್ನು ಹೇಳುತ್ತದೆ. ದಾರಿಯನ್ನು ಅಲ್ಲಿಂದ ಆರಂಭಿಸಿದರೆ ತೊಂದರೆಯಿಲ್ಲ.

ತಲೆಬರಹದಲ್ಲಿ ತೆರೆದ ಟ್ಯಾಗನ್ನು ಅಡಿಬರಹದಲ್ಲಿ ಮುಚ್ಚುವ ಅಭ್ಯಾಸವೂ ಬಹಳ ಕಡೆ ಇದೆ. ನನಗೆ ಇದು ಹಿಡಿಸದು; ಎರಡೂ ಅರ್ಧಂಬರ್ಧ ಕಡತಗಳು, ಒಂದನ್ನು ತಿದ್ದುವಾಗ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ. ಬದಲಿಗೆ ಇಡೀ ಪುಟದ ಚೌಕಟ್ಟನ್ನು ಒಂದೇ ಅಚ್ಚಿನ ಕಡತವಾಗಿಸಿ, ನಡುವೆ ಶೀರ್ಷಿಕೆಗೊಂದು, ವಿಷಯಕ್ಕೊಂದು ಖಾಲಿ ಜಾಗ ಬಿಡಿ. ಟೆಂಪ್ಲೇಟ್ ಎಂದರೆ ಇದೇ. ಪ್ರತಿ ಪುಟವೂ ತನ್ನ ವಿಷಯವನ್ನು ಚರಾಕ್ಷರಗಳಲ್ಲಿ ತುಂಬಿ ಕೊನೆಗೆ ಅಚ್ಚನ್ನು ಕರೆಯುತ್ತದೆ.

ಒಂದು ಮಾತು ಮರೆಯಬೇಡಿ. ಸೇರಿಸಬೇಕಾದ ಕಡತದ ಹೆಸರನ್ನು ಬ್ರೌಸರ್‌ನ ವಿಳಾಸಪಟ್ಟಿಯಿಂದ ನೇರವಾಗಿ ತೆಗೆದುಕೊಳ್ಳಬಾರದು. ಕಿಡಿಗೇಡಿಯೊಬ್ಬ ಅಲ್ಲಿ ಸರ್ವರ್‌ನ ಬೇರೊಂದು ಕಡತದ ಹೆಸರು ಬರೆದರೆ ಅದೂ ಪುಟದೊಳಗೆ ಬಂದು ಕೂರುತ್ತದೆ. ಅನುಮತಿಸಿದ ಹೆಸರುಗಳ ಪಟ್ಟಿಯೊಂದನ್ನು ನೀವೇ ಬರೆದಿಡಿ. ಅದರಲ್ಲಿಲ್ಲದ ಹೆಸರು ಬಂದರೆ 'ಪುಟ ಸಿಗಲಿಲ್ಲ' ಎಂದು ತೋರಿಸಿ.