ಕಣ್ಣಂಚಿನ ಗೆರೆ: ಮೊದಲ ಸಲ ಐಲೈನರ್ ಕೈಗೆತ್ತಿಕೊಳ್ಳುವವರಿಗೆ

ಐಲೈನರ್ ಎಂದರೆ ರೆಪ್ಪೆಗೂದಲಿನ ಬುಡಕ್ಕೆ ಅಂಟಿದಂತೆ ಎಳೆಯುವ ಬಣ್ಣದ ಗೆರೆ. ಅದರಿಂದ ಆಗುವ ಕೆಲಸ ಎರಡು: ಕೂದಲು ದಟ್ಟವಾಗಿ ಕಾಣುತ್ತದೆ, ಕಣ್ಣಿನ ಆಕಾರ ಎದ್ದು ತೋರುತ್ತದೆ. ಕಪ್ಪಿನ ಪಕ್ಕದಲ್ಲಿ ಕಣ್ಣಿನ ಬಿಳಿ ಇನ್ನಷ್ಟು ಬಿಳಿಯಾಗಿ ಕಾಣುವುದರಿಂದ ನೋಟ ದೂರಕ್ಕೂ ಮುಟ್ಟುತ್ತದೆ. ಭರತನಾಟ್ಯದ ಕಲಾವಿದೆಯರು ಗೆರೆಯನ್ನು ದಪ್ಪಗೆ ತೀಡಿ ಕಣ್ಣಿನ ಹೊರಮೂಲೆಯಿಂದಾಚೆಗೂ ಚಾಚುವುದು, ಯಕ್ಷಗಾನದ ವೇಷಧಾರಿಗಳು ಚೌಕಿಯಲ್ಲಿ ಕೂತು ಕಣ್ಣಿಗೆ ಕಪ್ಪು ತುಂಬುವುದು ಹಿಂದಿನ ಸಾಲಿನಲ್ಲಿ ಕೂತವರಿಗೂ ಕಣ್ಣಿನ ಚಲನೆ ಕಾಣಲಿ ಎಂದೇ. ಕಚೇರಿಯಲ್ಲೋ ಮದುವೆ ಮನೆಯಲ್ಲೋ ನೋಡುವವರು ಎದುರಿಗೇ ನಿಂತಿರುತ್ತಾರೆ. ಅಲ್ಲಿ ಅಷ್ಟು ಕಪ್ಪು ಬೇಕಿಲ್ಲ. ಹೊಸಬರ ಕೈಯಲ್ಲಿ ಗೆರೆ ಕೆಡುವುದು ಹೆಚ್ಚಾಗಿ ಸೊಟ್ಟಗಾದದ್ದರಿಂದಲ್ಲ, ಅತಿಯಾದದ್ದರಿಂದ.

ಈ ಗೆರೆ ಬಹಳ ಹಳೆಯದು. 1912ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಅಗೆದಾಗ ಸಿಕ್ಕ, ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿರುವ ರಾಣಿ ನೆಫರ್ಟೀಟಿಯ ಎದೆಮಟ್ಟದ ಪ್ರತಿಮೆಯಲ್ಲಿ ಕಣ್ಣಂಚಿನ ಕಪ್ಪು ಇಂದಿಗೂ ಸ್ಪಷ್ಟವಾಗಿದೆ. ಈಜಿಪ್ಟಿನವರು ಆ ಕಪ್ಪನ್ನು ಹೆಚ್ಚಾಗಿ ಗ್ಯಾಲೀನಾ ಎಂಬ ಸೀಸದ ಅದಿರನ್ನು ಅರೆದು ಮಾಡುತ್ತಿದ್ದರು. ನಮ್ಮ ಮನೆಗಳ ಕಾಡಿಗೆಯದು ಬೇರೆಯೇ ದಾರಿ. ಹೊನಗೊನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆಯನ್ನು ನೆನೆಸಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುತ್ತಿದ್ದರು. ಉರಿಯ ಮೇಲೆ ತಾಮ್ರದ ಅಥವಾ ಹಿತ್ತಾಳೆಯ ತಟ್ಟೆಯನ್ನು ಕವುಚಿಟ್ಟರೆ ಬೆಳಗಾಗುವಷ್ಟರಲ್ಲಿ ಮಸಿ ಕಟ್ಟಿರುತ್ತಿತ್ತು. ಅದನ್ನು ಕೆರೆದು, ತುಪ್ಪವನ್ನೋ ಹರಳೆಣ್ಣೆಯನ್ನೋ ಬೆರೆಸಿ ಕರಡಿಗೆಯಲ್ಲಿ ತುಂಬಿಡುತ್ತಿದ್ದರು.

ಕಾಡಿಗೆಗೂ ಐಲೈನರಿಗೂ ಇರುವ ವ್ಯತ್ಯಾಸ ಆ ತುಪ್ಪ, ಎಣ್ಣೆಯಲ್ಲೇ ಇದೆ. ಎಣ್ಣೆ ಆರುವುದಿಲ್ಲ, ಮೈಯ ಬಿಸಿಗೆ ಮೆತ್ತಗಾಗುತ್ತ, ಸಂಜೆಯ ಹೊತ್ತಿಗೆ ಕಣ್ಣಿನ ಕೆಳಗೆ ಇಳಿದಿರುತ್ತದೆ. ಐಲೈನರಿನಲ್ಲಿ ಬಣ್ಣವನ್ನು ಹಿಡಿದಿಡಲು ಮೇಣವೋ, ಒಣಗಿ ಪದರವಾಗುವ ಪಾಲಿಮರೋ ಇರುತ್ತದೆ. ಬಹುಕಾಲ ಉಳಿಯುವ ಪೆನ್ಸಿಲ್‌ಗಳಲ್ಲಿ ಐಸೋಡೊಡೆಕೇನ್‌ನಂಥ ದ್ರಾವಕವನ್ನೂ ಸೇರಿಸುತ್ತಾರೆ. ಹಚ್ಚಿದ ಸ್ವಲ್ಪ ಹೊತ್ತಿನಲ್ಲೇ ಅದು ಹಾರಿಹೋಗಿ ಬಣ್ಣ ಮಾತ್ರ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಇಂಥ ಪೆನ್ಸಿಲಿನ ಗೆರೆಯನ್ನು ತಿದ್ದುವುದಿದ್ದರೂ ಹರಡುವುದಿದ್ದರೂ ಅದು ಆರುವ ಮೊದಲೇ ಮುಗಿಸಬೇಕು. ಆರಿದ ಮೇಲೆ ಉಜ್ಜಿದರೆ ಚೂರುಚೂರಾಗಿ ಉದುರುತ್ತದೆ. ಅಂಗಡಿಯಲ್ಲಿ ‘ಕಾಜಲ್’ ಎಂದು ಸಿಗುವ ತಿರುಗಿಸುವ ಕಡ್ಡಿಗಳಲ್ಲಿ ಅನೇಕವು ಈಗ ಈ ಜಾತಿಯವೇ. ಹಾಗಾಗಿ ಡಬ್ಬಿಯ ಮೇಲಿನ ಹೆಸರಿಗಿಂತ ಕೈಯ ಹಿಂಬದಿಯಲ್ಲಿ ಎಳೆದ ಒಂದು ಗೆರೆ ಹೆಚ್ಚು ಹೇಳುತ್ತದೆ: ಒಂದೆರಡು ನಿಮಿಷ ಬಿಟ್ಟು ಬೆರಳಿನಿಂದ ಒರೆಸಿದಾಗ ಅಳಿಸಿಹೋದರೆ ಅದು ಕಾಡಿಗೆಯ ಸ್ವಭಾವದ್ದು, ನಿಂತರೆ ಐಲೈನರಿನದು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಸಿಗುವುದು ಪೆನ್ಸಿಲ್, ಜೆಲ್, ದ್ರವ ಮತ್ತು ಸ್ಕೆಚ್ ಪೆನ್ನಿನಂಥ ಐಲೈನರ್. ಕಲಿಯುವವರಿಗೆ ಪೆನ್ಸಿಲೇ ಸರಿ. ಗೆರೆ ಅಂಕುಡೊಂಕಾದರೂ ಬೆರಳತುದಿಯಿಂದಲೋ ಇಯರ್ ಬಡ್‌ನಿಂದಲೋ ಹರಡಿ ಅದನ್ನೇ ಒಂದು ಶೈಲಿ ಎನ್ನುವಂತೆ ಮಾಡಬಹುದು. ಆ ಸಲುಗೆ ದ್ರವರೂಪದ ಐಲೈನರ್ ಕೊಡುವುದಿಲ್ಲ. ಪೆನ್ಸಿಲ್ ತೀರ ಗಟ್ಟಿಯಾಗಿದ್ದರೆ ರೆಪ್ಪೆಯ ಚರ್ಮ ಎಳೆದಾಡುತ್ತದೆ, ತೀರ ಮೆತ್ತಗಿದ್ದರೆ ತುದಿ ನಿಲ್ಲದೆ ಗೆರೆ ದಪ್ಪವಾಗುತ್ತದೆ. ಮೆತ್ತನೆಯ ಪೆನ್ಸಿಲನ್ನು ಚೂಪು ಮಾಡುವ ಮುನ್ನ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಮೆಂಡರಿನಲ್ಲಿ ಮುರಿಯುವುದಿಲ್ಲ.

ಜೆಲ್ ಸಣ್ಣ ಡಬ್ಬಿಯಲ್ಲಿ ಬರುತ್ತದೆ, ಬ್ರಷ್ ಬೇರೆ ಬೇಕು. ಬೆವರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಮುಚ್ಚಳ ಸರಿಯಾಗಿ ಹಾಕದಿದ್ದರೆ ಒಣಗಿ ಹೋಗುತ್ತದೆ. ದ್ರವರೂಪದ್ದು ಎಲ್ಲಕ್ಕಿಂತ ಕಡುಗಪ್ಪು, ಎಲ್ಲಕ್ಕಿಂತ ನಿಷ್ಠುರ: ಕೈ ನಡುಗಿದ್ದು ಹಾಗೆಯೇ ಮೂಡುತ್ತದೆ. ಪೆನ್ನಿನ ಮಾದರಿಯನ್ನು ಹೊಸಬರಿಗೆಂದೇ ಮಾರುವುದುಂಟು. ಹಿಡಿಯಲು ಅದು ಸುಲಭವೂ ಹೌದು. ಆದರೆ ಅದರಿಂದ ಬರುವುದೂ ದ್ರವದ ಗೆರೆಯೇ, ಬಿದ್ದ ತಕ್ಷಣ ಆರುತ್ತದೆ. ಒಂದೆರಡು ತಿಂಗಳು ಪೆನ್ಸಿಲಿನಲ್ಲಿ ಕೈ ಪಳಗಿಸಿಕೊಂಡ ಮೇಲೆ ಅದನ್ನು ಕೊಂಡರೆ ದುಡ್ಡು ದಂಡವಾಗುವುದಿಲ್ಲ.

ಬಣ್ಣದ ವಿಚಾರದಲ್ಲಿ ಕಣ್ಣು ಮುಚ್ಚಿ ಕಪ್ಪನ್ನೇ ಕೊಳ್ಳುವ ರೂಢಿ ಇದೆ. ಕಪ್ಪು ಕಣ್ಣು, ಕಪ್ಪು ಕೂದಲಿನವರಿಗೆ ಅದು ಹೊಂದುತ್ತದೆ ಎಂಬುದೂ ನಿಜ. ಆದರೂ ಮೊದಲ ಪೆನ್ಸಿಲ್ ಗಾಢ ಕಂದು ಬಣ್ಣದ್ದಾಗಿದ್ದರೆ ಒಳ್ಳೆಯದು. ನಮ್ಮ ಮೈಬಣ್ಣದ ಮೇಲೆ ಅದು ರೆಪ್ಪೆಗೂದಲಿನ ನೆರಳಿನಂತೆ ಕಾಣುತ್ತದೆ, ಗೆರೆ ಎರಡು ಕಡೆ ಕೊಂಚ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುವುದಿಲ್ಲ. ವಯಸ್ಸಾಗಿ ರೆಪ್ಪೆ ಸಡಿಲಾದವರಿಗೂ ಕಪ್ಪಿಗಿಂತ ಕಂದೇ ಮೃದು.

ಕೊಳ್ಳುವಾಗ ಲೇಬಲ್ ಓದುವುದು ಮುಖ್ಯ. ಐಲೈನರಿನ ಕಪ್ಪಿಗೆ ಸಾಮಾನ್ಯವಾಗಿ ಬಳಸುವುದು ಕಬ್ಬಿಣದ ಆಕ್ಸೈಡ್ ಅಥವಾ ಶುದ್ಧೀಕರಿಸಿದ ಇಂಗಾಲದ ಮಸಿ. ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳಿಂದ ಬಣ್ಣ ಕೊಟ್ಟ ಸೌಂದರ್ಯವರ್ಧಕಗಳ ತಯಾರಿಕೆಯನ್ನು ಭಾರತದ ಕಾನೂನು ನಿಷೇಧಿಸಿದೆ. ಆದರೆ ಜಾತ್ರೆ, ಸಂತೆಗಳಲ್ಲಿ ವಿಳಾಸವೂ ಬ್ಯಾಚ್ ಸಂಖ್ಯೆಯೂ ಇಲ್ಲದೆ ಮಾರುವ ಸುರ್ಮಾದ ಪುಡಿಗೆ ಯಾರೂ ಹೊಣೆಯಲ್ಲ. ಗ್ಯಾಲೀನಾದಿಂದ ಮಾಡಿದ ಸುರ್ಮಾ ಈಗಲೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರೊಳಗಿನ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಕೂಸಿಗೆ ದೃಷ್ಟಿಬೊಟ್ಟು ಇಡುವುದಿದ್ದರೂ ಕೆನ್ನೆಗೋ ಅಂಗಾಲಿಗೋ ಶುದ್ಧ ಕಾಡಿಗೆಯದನ್ನೇ ಇಡಬೇಕು, ಕಣ್ಣಿನೊಳಗೆ ಯಾವುದನ್ನೂ ಹಚ್ಚಬಾರದು. ಇನ್ನು ಅಂಗಡಿಯಲ್ಲಿ ಪರೀಕ್ಷೆಗೆಂದು ತೆರೆದಿಟ್ಟ ಪೆನ್ಸಿಲ್ ಎಷ್ಟು ಜನರ ಕೈ ದಾಟಿ ಬಂದಿರುತ್ತದೋ ಗೊತ್ತಾಗುವುದಿಲ್ಲ. ಅದನ್ನು ಕೈಯ ಮೇಲೆ ಮಾತ್ರ ಎಳೆದು ನೋಡಬೇಕು.

ಹಚ್ಚುವ ಕೆಲಸ ಕೂರುವ ಭಂಗಿಯಿಂದಲೇ ಶುರುವಾಗುತ್ತದೆ. ನಿಂತುಕೊಂಡು, ಗೋಡೆಯ ಕನ್ನಡಿಗೆ ಮುಖ ಚಾಚಿ, ಕೈಯನ್ನು ಗಾಳಿಯಲ್ಲಿ ತೇಲಿಸಿದರೆ ಯಾರ ಗೆರೆಯೂ ನೇರ ಬರುವುದಿಲ್ಲ. ಮೇಜಿನ ಮುಂದೆ ಕೂತು ಮೊಣಕೈಯನ್ನು ಮೇಜಿನ ಮೇಲೂರಿ, ಕಿರುಬೆರಳನ್ನು ಕೆನ್ನೆಗೆ ಆನಿಸಿಕೊಂಡರೆ ನಡುಕ ಅರ್ಧಕ್ಕರ್ಧ ಇಳಿಯುತ್ತದೆ. ಕನ್ನಡಿ ಕಣ್ಣಿಗಿಂತ ಕೆಳಗಿರಬೇಕು. ಆಗ ನೋಟ ಕೆಳಗಿಳಿದು ರೆಪ್ಪೆ ತಾನಾಗಿ ಹರಡಿಕೊಳ್ಳುತ್ತದೆ. ಬೆರಳಿನಿಂದ ಚರ್ಮವನ್ನು ಪಕ್ಕಕ್ಕೆ ಜಗ್ಗುವ ಅಗತ್ಯ ಬೀಳುವುದಿಲ್ಲ. ಜಗ್ಗಿ ಎಳೆದ ಗೆರೆ ಚರ್ಮ ಬಿಟ್ಟ ಕೂಡಲೇ ಸುಕ್ಕಾಗಿ ಬೇರೆ ಆಕಾರ ತಾಳುತ್ತದೆ. ರೆಪ್ಪೆಯ ಮೇಲೆ ಕ್ರೀಮಿನ ಅಥವಾ ಎಣ್ಣೆಯ ಪಸೆ ಇದ್ದರೆ ಮೊದಲು ಒರೆಸಿ ಒಂದಿಷ್ಟು ಕಾಂಪ್ಯಾಕ್ಟ್ ಪೌಡರ್ ಸವರಬೇಕು. ಮಂಗಳೂರು, ಕಾರವಾರದ ಸೆಕೆಯಲ್ಲಿ ಈ ಹಂತ ಬಿಟ್ಟರೆ ಮಧ್ಯಾಹ್ನದೊಳಗೆ ಗೆರೆ ಮೇಲಿನ ಮಡಿಕೆಗೆ ಅಂಟಿರುತ್ತದೆ. ಐಶಾಡೋ ಹಚ್ಚುವುದಿದ್ದರೆ ಅದು ಗೆರೆಗಿಂತ ಮೊದಲು, ಮಸ್ಕಾರಾ ಗೆರೆಯ ನಂತರ.

ಒಂದೇ ಉಸಿರಿಗೆ ಈ ಮೂಲೆಯಿಂದ ಆ ಮೂಲೆಗೆ ಎಳೆಯುವುದು ನುರಿತವರ ಕೆಲಸ. ಹೊಸಬರು ಕೂದಲಿನ ಬುಡದಲ್ಲಿ ಅಲ್ಲಲ್ಲಿ ಚುಕ್ಕಿ ಇಟ್ಟು, ರಂಗೋಲಿಯಲ್ಲಿ ಚುಕ್ಕಿ ಕೂಡಿಸುವ ಹಾಗೆ ಸಣ್ಣ ಸಣ್ಣ ಎಳೆಗಳಿಂದ ಜೋಡಿಸಿಕೊಂಡು ಹೋಗಬೇಕು. ಶುರು ಮಾಡುವುದು ರೆಪ್ಪೆಯ ನಡುವಿನಿಂದ. ಅಲ್ಲಿಂದ ಹೊರಮೂಲೆಗೆ ಹೋಗಿ, ಆಮೇಲೆ ಉಳಿದ ಬಣ್ಣದಲ್ಲೇ ಹಗುರವಾಗಿ ಮೂಗಿನ ಕಡೆಗೆ ಬಂದರೆ ಒಳಮೂಲೆ ತೆಳ್ಳಗೆ, ಹೊರಮೂಲೆ ಕೊಂಚ ದಪ್ಪ ಆಗುತ್ತದೆ. ಗೆರೆಗೂ ಕೂದಲಿಗೂ ನಡುವೆ ಚರ್ಮದ ಬಣ್ಣ ಇಣುಕಬಾರದು; ಇಣುಕಿದರೆ ಗೆರೆ ಬೇರೆ, ಕಣ್ಣು ಬೇರೆ ಎನಿಸುತ್ತದೆ. ಒಂದು ಕಣ್ಣನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದಕ್ಕಿಂತ ಎರಡನ್ನೂ ಒಟ್ಟೊಟ್ಟಿಗೆ ಬೆಳೆಸುವುದು ಜಾಣತನ. ದಪ್ಪ ಮಾಡುತ್ತ ಸರಿದೂಗಿಸಲು ಹೊರಟರೆ ಎರಡೂ ಕಣ್ಣು ಕಪ್ಪಾಗುವವರೆಗೆ ಕೈ ನಿಲ್ಲುವುದಿಲ್ಲ. ಯಾರ ಎರಡು ಕಣ್ಣೂ ಅಚ್ಚೊತ್ತಿದಂತೆ ಒಂದೇ ಇರುವುದಿಲ್ಲ, ಗೆರೆಯೂ ಅಷ್ಟೆ.

ರೆಪ್ಪೆಯ ಆಕಾರ ನೋಡಿ ಗೆರೆಯನ್ನು ಕೊಂಚ ಬದಲಿಸಿಕೊಳ್ಳಬೇಕಾಗುತ್ತದೆ. ಕಣ್ಣು ತೆರೆದಾಗ ಮೇಲಿನ ಚರ್ಮ ಮಡಚಿ ರೆಪ್ಪೆಯನ್ನು ಮುಚ್ಚುವವರು ದಪ್ಪ ಗೆರೆ ಎಳೆದರೆ ಅದು ಮಡಿಕೆಯೊಳಗೆ ಮಾಯವಾಗುತ್ತದೆ, ಉಳಿಯುವುದು ಬಣ್ಣ ಹತ್ತಿದ ಕಲೆ ಮಾತ್ರ. ಅಂಥವರು ಕಣ್ಣು ತೆರೆದುಕೊಂಡೇ, ಎದುರಿನ ಕನ್ನಡಿ ನೋಡುತ್ತ, ತೀರ ತೆಳ್ಳಗೆ ಎಳೆಯುವುದು ಲೇಸು. ಎರಡು ಕಣ್ಣುಗಳ ನಡುವಿನ ಅಂತರ ಕಡಿಮೆ ಇರುವವರು ಒಳಮೂಲೆಯನ್ನು ಖಾಲಿ ಬಿಟ್ಟು ನಡುವಿನಿಂದ ಹೊರಕ್ಕೆ ಮಾತ್ರ ಗೆರೆ ಎಳೆದರೆ ಕಣ್ಣುಗಳು ದೂರ ಸರಿದಂತೆ ಕಾಣುತ್ತವೆ.

ಹೊರಮೂಲೆಯಿಂದ ಮೇಲಕ್ಕೆ ಚಾಚುವ ರೆಕ್ಕೆ ಕೊನೆಯ ಪಾಠ. ಕೆಳರೆಪ್ಪೆಯ ಅಂಚು ಹಾಗೆಯೇ ಮುಂದುವರಿದರೆ ಹುಬ್ಬಿನ ತುದಿಯ ಕಡೆಗೆ ಹೋಗುತ್ತದೆ. ರೆಕ್ಕೆಯ ದಿಕ್ಕೂ ಅದೇ. ಆ ದಿಕ್ಕಿನಲ್ಲಿ ಎರಡೂ ಕಡೆ ಒಂದೊಂದು ಚುಕ್ಕಿ ಇಟ್ಟು, ನೇರವಾಗಿ ಕನ್ನಡಿ ನೋಡಿ ಎತ್ತರ ಸಮನಾಗಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಜೋಡಿಸಬೇಕು. ತಪ್ಪಿದರೆ ಇಡೀ ಕಣ್ಣು ತೊಳೆಯಬೇಕಿಲ್ಲ. ಮೇಕಪ್ ತೆಗೆಯುವ ದ್ರವದಲ್ಲಿ ಅದ್ದಿದ ಇಯರ್ ಬಡ್‌ನಿಂದ ಕೆಳಗಿನಿಂದ ಮೇಲಕ್ಕೆ ಒಂದು ಸಲ ಒರೆಸಿದರೆ ಅಂಚು ಚೂಪಾಗುತ್ತದೆ.

ಕೆಳರೆಪ್ಪೆಯ ಒಳಗಿನ ಒದ್ದೆ ಅಂಚಿಗೆ ಕಪ್ಪು ತುಂಬುವುದು ಕಾಡಿಗೆಯ ಕಾಲದಿಂದ ಬಂದ ಅಭ್ಯಾಸ. ಕಣ್ಣೀರು ಬೇಗ ಆರದಂತೆ ಎಣ್ಣೆ ಪಸೆ ಒಸರುವ ಮೈಬೋಮಿಯನ್ ಗ್ರಂಥಿಗಳ ಬಾಯಿ ಇರುವುದು ಅದೇ ಅಂಚಿನಲ್ಲಿ. ಅದರ ಮೇಲೆ ದಿನವೂ ಬಣ್ಣ ಮೆತ್ತಿದರೆ ಅವು ಕಟ್ಟಿಕೊಂಡು ಕಣ್ಣು ಒಣಗಬಹುದು, ಕುಟ್ಟಿಗೆ ಏಳಬಹುದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲಿನ ಹೊರಗೆ ಹಚ್ಚಿದ ಪೆನ್ಸಿಲಿಗಿಂತ ಒಳಗೆ ಹಚ್ಚಿದ್ದು ಕಣ್ಣೀರಿನ ಪದರಕ್ಕೆ ಬೇಗ ಸೇರುವುದು ಕಂಡುಬಂತು. ಐದೇ ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗಿತ್ತು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಒಳಗೆ ಹಚ್ಚುವುದಕ್ಕೆ ಯಾರದೂ ತಕರಾರಿಲ್ಲ. ದಿನನಿತ್ಯಕ್ಕೆ ಕೂದಲಿನ ಹೊರಗೇ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಒಳ ಅಂಚನ್ನು ಮುಟ್ಟದಿರುವುದು ಕ್ಷೇಮ. ಅವರು ಲೆನ್ಸ್ ಹಾಕಿಕೊಂಡ ಮೇಲೆ ಮೇಕಪ್ ಮಾಡಿಕೊಳ್ಳಬೇಕು, ರಾತ್ರಿ ಲೆನ್ಸ್ ತೆಗೆದ ಮೇಲೆ ಮೇಕಪ್ ತೆಗೆಯಬೇಕು.

ಮಲಗುವ ಮುನ್ನ ಗೆರೆ ಅಳಿಸಲೇಬೇಕು. ಹತ್ತಿಯ ಬಿಲ್ಲೆಗೆ ಮೈಸೆಲಾರ್ ನೀರನ್ನೋ, ವಾಟರ್‌ಪ್ರೂಫ್ ಆಗಿದ್ದರೆ ಎಣ್ಣೆಯಂಶವಿರುವ ಕ್ಲೆನ್ಸರನ್ನೋ ಹಾಕಿ ಮುಚ್ಚಿದ ರೆಪ್ಪೆಯ ಮೇಲೆ ಹದಿನೈದು ಇಪ್ಪತ್ತು ಸೆಕೆಂಡು ಇಟ್ಟರೆ ಬಣ್ಣ ಸಡಿಲಾಗುತ್ತದೆ, ಉಜ್ಜುವ ಶ್ರಮವಿಲ್ಲ. ಕಣ್ಣಿನ ಸುತ್ತಲ ಚರ್ಮ ಮೈಯಲ್ಲೇ ಅತಿ ತೆಳು, ತಿಕ್ಕಾಟ ಅದಕ್ಕೆ ಆಗದು.

ಜೆಲ್ ಮತ್ತು ದ್ರವದ ಐಲೈನರುಗಳನ್ನು ತೆರೆದ ಮೂರರಿಂದ ಆರು ತಿಂಗಳಲ್ಲಿ ಬದಲಿಸಬೇಕು. ಡಬ್ಬಿಯ ಮೇಲೆ ಮುಚ್ಚಳ ತೆರೆದ ಸಣ್ಣ ಚಿತ್ರದೊಳಗೆ ಬರೆದಿರುವ ಅಂಕೆ ತೆರೆದ ನಂತರ ಎಷ್ಟು ತಿಂಗಳು ಬಳಸಬಹುದು ಎಂಬುದರ ಸೂಚನೆ. ಪೆನ್ಸಿಲ್ ಹೆಚ್ಚು ಬಾಳುತ್ತದೆ, ಮೆಂಡರಿಗೆ ಹಾಕಿದಾಗಲೆಲ್ಲ ಹಳೆಯ ತುದಿ ಹೋಗುವುದರಿಂದ ಶುಚಿಯೂ ಹೌದು. ಅಕ್ಕತಂಗಿಯರ ನಡುವೆಯೂ ಒಂದೇ ಪೆನ್ಸಿಲ್ ಓಡಾಡುವುದು ಬೇಡ, ಮದ್ರಾಸ್ ಐ ಹರಡಲು ಅಷ್ಟು ಸಾಕು. ಕಣ್ಣು ಕೆಂಪಾಗಿ ಕೀವು ಬರುತ್ತಿದ್ದಾಗ ಬಳಸಿದ ಐಲೈನರನ್ನು, ಎಷ್ಟೇ ದುಬಾರಿಯದಾಗಿದ್ದರೂ, ಕಸದ ಬುಟ್ಟಿಗೆ ಹಾಕುವುದೇ ಸರಿ.