ಹಳೆ ಮನೆಗೆ ಬಣ್ಣ ಹಚ್ಚೋ ಮುಂಚೆ

ಸಾಗರದ ಹತ್ತಿರ ಇರುವ ನಮ್ಮ ಊರಮನೆಯನ್ನ ಹೋಂಸ್ಟೇ ಮಾಡ್ತೀನಿ ಅಂತ ಚಿಕ್ಕಪ್ಪ ಹೊರಟಾಗ ಮನೆಯವರಿಗೆಲ್ಲ ಖುಷಿಯೇ ಆಗಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ನೂರರ ಹತ್ತಿರ ವಯಸ್ಸು. ಮೊಬೈಲಲ್ಲಿ ನೋಡಿದ ಫೋಟೋಗಳ ಹಾಗೆ ಒಂದು ಕೋಣೆಗೆ ನವಿಲು ನೀಲಿ, ಇನ್ನೊಂದಕ್ಕೆ ಸಾಸಿವೆ ಹಳದಿ, ನಡುಮನೆಗೆ ಗುಲಾಬಿ. ಎಲ್ಲವೂ ದುಬಾರಿ ಪ್ಲಾಸ್ಟಿಕ್ ಪೇಂಟು, ನೀರು ಹಾಕಿ ತೊಳೆದರೂ ಹೋಗದಂಥದ್ದು. ಏಪ್ರಿಲ್‌ನಲ್ಲಿ ಫೋಟೋ ಚೆನ್ನಾಗೇ ಬಂತು. ಜುಲೈ ಮಳೆಗೆ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಆಗಸ್ಟ್ ಹೊತ್ತಿಗೆ ಪೇಂಟು ಹಾಳೆ ಹಾಳೆಯಾಗಿ ಕಿತ್ತುಕೊಂಡು ಬಂತು, ಜೊತೆಗೆ ಗೋಡೆಯ ಮಣ್ಣೂ ಉದುರಿತು. ನಡುಮನೆಯ ಗುಲಾಬಿ ಬಣ್ಣದ ಅಡಿಯಲ್ಲಿ ಅಜ್ಜಿ ಬರೆದ ಹಸೆ ಚಿತ್ತಾರ ಇತ್ತು. ಅದೂ ಹೋಯ್ತು.

ನಾನಾಗ ಸಿವಿಲ್, ಮೂರನೇ ಸೆಮ್. "ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಯಾಕೆ ಹಿಂಗಾಯ್ತು ಹೇಳು" ಅಂದ್ರು ಚಿಕ್ಕಪ್ಪ. ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ ಇದು. ಮಲೆನಾಡು, ಕೊಡಗು, ಕರಾವಳಿ ಕಡೆಯ ಎಷ್ಟೋ ಹಳೆ ಮನೆಗಳು ಈಗ ಅತಿಥಿಗೃಹ ಆಗ್ತಿವೆ. ನಿಮ್ಮ ಮನೆಯವರೂ ನಿಮ್ಮನ್ನ ಇದನ್ನೇ ಕೇಳಬಹುದು.

ಗೋಡೆ ಉಸಿರಾಡೋದು ಅಂದ್ರೆ ಏನು?

ಈಗಿನ ಕಟ್ಟಡಗಳಲ್ಲಿ ಪಾಯದ ಮೇಲೆ ತೇವ ತಡೆಯುವ ಒಂದು ಪದರ ಇರುತ್ತೆ. ನಮ್ಮ ಊರಮನೆಯಂಥ ಹಳೆಯ ಮನೆಗಳಲ್ಲಿ ಅದಿಲ್ಲ. ನೆಲದ ನೀರು ಗೋಡೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತೆ. ದೀಪದ ಬತ್ತಿ ಎಣ್ಣೆ ಎಳೆಯುತ್ತಲ್ಲ, ಅದೇ ಕ್ಯಾಪಿಲರಿ ಕ್ರಿಯೆ. ಇದಕ್ಕೆ ಹಳಬರು ಕಂಡುಕೊಂಡ ದಾರಿ ಸರಳ: ನೀರು ಬಂದಷ್ಟೂ ಗೋಡೆಯ ಮೈಯಿಂದ ಆವಿಯಾಗಿ ಹೋಗಲಿ. ಮಣ್ಣು, ಸುಣ್ಣದ ಗಾರೆ, ಸುಣ್ಣದ ಬಣ್ಣ, ಮೂರೂ ಆವಿಯನ್ನು ತಡೆಯಲ್ಲ.

ಇದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಗೋಡೆಗೆ ರೇನ್‌ಕೋಟ್ ಹಾಕಿದ ಹಾಗೆ. ಒಳಗಿನ ನೀರಿಗೆ ಹೊರಗೆ ಹೋಗೋ ದಾರಿ ಮುಚ್ಚುತ್ತೆ. ನೀರಿನ ಜೊತೆ ನೆಲದ ಲವಣಗಳೂ ಬಂದಿರುತ್ತವೆ. ಅವು ಪೇಂಟಿನ ಹಿಂದೆಯೇ ಹರಳುಗಟ್ಟಿ ಬೆಳೆಯುತ್ತವೆ, ಬೆಳೆಯುವಾಗ ಒತ್ತಡ ಹಾಕುತ್ತವೆ. ನಾವು ನೋಡಿದ ಉಬ್ಬು ಅದೇ. ಸಿಮೆಂಟ್ ಪ್ಲಾಸ್ಟರ್ ಹಾಕಿದರೂ ಇದೇ ಕಥೆ, ಜೊತೆಗೆ ಇನ್ನೊಂದು ತೊಂದರೆ: ಸಿಮೆಂಟ್ ಗಟ್ಟಿ, ಒಳಗಿನ ಮಣ್ಣು ಮೆದು. ಬಿಸಿಲು ಮಳೆಗೆ ಎರಡೂ ಬೇರೆ ಬೇರೆ ಥರ ಹಿಗ್ಗಿ ಕುಗ್ಗುತ್ತವೆ, ಕೊನೆಗೆ ಒಂದನ್ನೊಂದು ಬಿಟ್ಟುಕೊಡುತ್ತವೆ.

ಸುಣ್ಣಕ್ಕೆ ಒಗ್ಗುವ ಬಣ್ಣಗಳು

ಹಾಗಾದ್ರೆ ಬಿಳಿ ಬಣ್ಣವೇ ಗತಿಯಾ? ಇಲ್ಲ. ಸುಣ್ಣಕ್ಕೂ ಬಣ್ಣ ಕೂಡಿಸಬಹುದು, ಆದರೆ ಎಲ್ಲ ಬಣ್ಣ ಅಲ್ಲ.

ಪಿಯುಸಿ ಕೆಮಿಸ್ಟ್ರಿ ನೆನಪು ಮಾಡ್ಕೊಳ್ಳಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕುದಿದು ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತವೆ.

ಹಸಿ ಸುಣ್ಣದ ಪಿಎಚ್ ಹನ್ನೆರಡು ದಾಟಿರುತ್ತೆ. ಅಷ್ಟು ಕ್ಷಾರವನ್ನು ತಾಳುವ ಬಣ್ಣಗಳು ಬೇಕು. ಕಬ್ಬಿಣದ ಆಕ್ಸೈಡ್‌ನಿಂದ ಬರುವ ಕೆಮ್ಮಣ್ಣು ಮತ್ತು ಹಳದಿ ಮಣ್ಣು, ಮಸಿಯ ಕಪ್ಪು, ಅಲ್ಟ್ರಾಮರೀನ್ ನೀಲಿ ತಾಳುತ್ತವೆ. ಪ್ರಷ್ಯನ್ ನೀಲಿ ಕೆಟ್ಟು ಕಂದಾಗುತ್ತೆ. ಕೊಳ್ಳುವಾಗ ಅಂಗಡಿಯವರನ್ನ "ಇದು ಸುಣ್ಣಕ್ಕೆ ಆಗುತ್ತಾ?" ಅಂತ ಕೇಳಿ, ಆಮೇಲೆ ಒಂದು ಮೂಲೆಯಲ್ಲಿ ಬಳಿದು ಒಣಗಿಸಿ ನೋಡಿ. ಹಸಿಯಲ್ಲಿ ಗಾಢವಾಗಿ ಕಾಣೋ ಬಣ್ಣ ಒಣಗಿದ ಮೇಲೆ ತುಂಬಾ ತಿಳಿಯಾಗುತ್ತೆ. ಹಾಗಾಗಿ ತೆಳ್ಳಗೆ ಮೂರ್ನಾಲ್ಕು ಸಲ ಬಳಿಯಬೇಕು.

ನೆಲದಿಂದ ಶುರು ಮಾಡಿ

ಒಂದೊಂದು ಕೋಣೆ ಒಂದೊಂದು ಬಣ್ಣ, ಎಲ್ಲೆಲ್ಲಿಂದಲೋ ತಂದ ಕುರ್ಚಿ, ಚಿತ್ರ, ಬಟ್ಟೆ. ಇದು ಕೆಲವು ಕಡೆ ಜಾತ್ರೆ ಥರ ಕಾಣುತ್ತೆ, ಕೆಲವು ಕಡೆ ಮನೆ ಥರ. ವ್ಯತ್ಯಾಸ ಎಲ್ಲಿದೆ? ಬದಲಾಗದ ಏನೋ ಒಂದು ಇರಬೇಕು. ಹಳೆ ಮನೆಯಲ್ಲಿ ಅದು ಸಾಮಾನ್ಯವಾಗಿ ನೆಲ.

ತಮಿಳುನಾಡಿನ ಚೆಟ್ಟಿನಾಡಿನ ದೊಡ್ಡ ಮನೆಗಳಲ್ಲಿ ಕೆಲವು ಈಗ ಹೋಟೆಲುಗಳಾಗಿವೆ. ಅಲ್ಲಿ ಬರ್ಮಾ ತೇಗದ ಕಂಬ, ಯುರೋಪಿನ ಗಾಜು, ಬಣ್ಣದ ಛಾವಣಿ ಎಲ್ಲ ಒಟ್ಟಿಗೇ ಇದ್ದರೂ ಕಣ್ಣಿಗೆ ಹೊಂದುತ್ತವೆ. ಅದಕ್ಕೆ ಒಂದು ಕಾರಣ ನೆಲದ ಆತಂಗುಡಿ ಟೈಲು. ಅದನ್ನ ಮಾಡೋ ರೀತಿಯೂ ಮಜವಾಗಿದೆ. ಗಾಜಿನ ತಟ್ಟೆಯ ಮೇಲೆ ಲೋಹದ ಅಚ್ಚು ಇಟ್ಟು, ಬಣ್ಣದ ಸಿಮೆಂಟ್ ನೀರನ್ನು ಆ ಮನೆಗಳೊಳಗೆ ಹೊಯ್ಯುತ್ತಾರೆ. ಅದರ ಮೇಲೆ ಒಣ ಮರಳು ಸಿಮೆಂಟ್, ಆಮೇಲೆ ಹಸಿ ಗಾರೆ. ನಂತರ ನೀರಲ್ಲಿ ಕ್ಯೂರಿಂಗ್. ಭಟ್ಟಿ ಬೇಕಿಲ್ಲ, ಪಾಲಿಶ್ ಮೆಷಿನ್ ಬೇಕಿಲ್ಲ, ಹೊಳಪು ಗಾಜಿನಿಂದಲೇ ಬರುತ್ತೆ.

ನಿಮ್ಮ ಮನೆಯಲ್ಲಿ ಕೆಂಪು ಕಾವಿ ನೆಲ ಇದ್ದರೆ ಅದನ್ನ ಕಿತ್ತು ಟೈಲ್ಸ್ ಹಾಕಿಸಬೇಡಿ. ಆ ಕೆಂಪು ಎಲ್ಲ ಕೋಣೆಗೂ ಹರಿಯಲಿ. ಆಗ ಗೋಡೆ ನೀಲಿ ಇರಲಿ ಹಳದಿ ಇರಲಿ, ಇದು ಒಂದೇ ಮನೆ ಅನ್ನೋದು ಗೊತ್ತಾಗುತ್ತೆ.

ಚಿತ್ರ ತೂಗುಹಾಕೋದೂ ಸ್ಟ್ಯಾಟಿಕ್ಸೇ

ಮಣ್ಣಿನ ಗೋಡೆಗೆ ಡ್ರಿಲ್ ಹಾಕಿದರೆ ರಾಲ್‌ಪ್ಲಗ್ ನಿಲ್ಲಲ್ಲ, ತೂತು ಮಾತ್ರ ದೊಡ್ಡದಾಗುತ್ತೆ. ಮೇಲಿನ ಮರದ ಜಂತಿಯಿಂದ ಅಥವಾ ಗೋಡೆಯುದ್ದಕ್ಕೂ ಕಟ್ಟಿದ ಮರದ ಪಟ್ಟಿಯಿಂದ ತಂತಿ ಇಳಿಬಿಡಿ. ಇಟ್ಟಿಗೆ ಗೋಡೆಯಾದರೆ ಇಟ್ಟಿಗೆಗೆ ಕೊರೆಯದೆ ಸಂದಿನ ಗಾರೆಗೆ ಕೊರೆಯಿರಿ, ಅದನ್ನ ಮತ್ತೆ ತುಂಬಬಹುದು.

ಫ್ರೇಮಿನ ಹಿಂದಿನ ತಂತಿಯನ್ನ ಬಿಗಿಯಾಗಿ ಕಟ್ಟಿದರೆ ಗಟ್ಟಿ ಅಂತ ನಾವಂದ್ಕೊಳ್ತೀವಿ. ಲೆಕ್ಕ ಮಾಡಿ ನೋಡಿ. ಪ್ರತಿ ಬದಿಯ ಎಳೆತ ಅಂದ್ರೆ ತೂಕ ಭಾಗಿಸು ಎರಡು ಸೈನ್ ಥೀಟಾ. 8 ಕೆಜಿ ಫ್ರೇಮಿಗೆ ತಂತಿ 30 ಡಿಗ್ರಿಯಲ್ಲಿದ್ದರೆ ಎಳೆತ 8 ಕೆಜಿ. 10 ಡಿಗ್ರಿಗೆ ಇಳಿದರೆ ಸುಮಾರು 23 ಕೆಜಿ! ಸ್ವಲ್ಪ ಸಡಿಲ ಬಿಡೋದೇ ಕ್ಷೇಮ.

ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ. ಕಾಗದದ ಚಿತ್ರ ಮತ್ತು ಹಳೆ ಸೀರೆಗಳನ್ನು ಬಿಸಿಲು ಬೀಳೋ ಕಡೆ ಹಾಕಬೇಡಿ. ಮ್ಯೂಸಿಯಂಗಳು ಇವುಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕು ಅನ್ನುತ್ತವೆ. ಅಂಥವನ್ನ ಒಳಕೋಣೆಯಲ್ಲಿಡಿ. ವೈರಿಂಗ್‌ಗೂ ಗೋಡೆ ಸೀಳಬೇಡಿ, ಮೇಲೇ ಪೈಪ್ ಓಡಿಸಿ.

ಗೋಡೆ ಮೇಲಿರೋದು ಯಾರ ಕಲೆ?

ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್ ಊರಿನ ಲಾ ಕೊಲಂಬ್ ದೋರ್ ಎಂಬ ವಸತಿಗೃಹದಲ್ಲಿ ಪಿಕಾಸೊ, ಮಾತಿಸ್ ಚಿತ್ರಗಳಿವೆ. ಅವು ಅಲಂಕಾರಕ್ಕೆ ಅಂತ ಒಂದೇ ಸಲ ತಂದದ್ದಲ್ಲ. ಮಾಲೀಕ ಪಾಲ್ ರೂ ಕಲಾವಿದರ ಜೊತೆ ಸ್ನೇಹ ಬೆಳೆಸಿದ, ಸಂಗ್ರಹ ವರ್ಷ ವರ್ಷ ಬೆಳೆಯಿತು. ನಮ್ಮಲ್ಲೇ ಮೈಸೂರಿನ ಜಯಲಕ್ಷ್ಮೀಪುರಂನಲ್ಲಿ ಗ್ರೀನ್ ಹೋಟೆಲ್ ಇದೆ. ರಾಜಮನೆತನದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಚಿತ್ತರಂಜನ್ ಅರಮನೆ ಅದು. ಭಾರತದ ಕರಕುಶಲ ವಸ್ತುಗಳಿಂದಲೇ ಅದನ್ನು ಸಜ್ಜುಗೊಳಿಸಿದ್ದಾರೆ, ಲಾಭ ದತ್ತಿ ಕೆಲಸಗಳಿಗೆ ಹೋಗುತ್ತೆ.

ನಮ್ಮ ಕಡೆಯ ದೀವರ ಚಿತ್ತಾರಕ್ಕೆ ಬೇಕಾಗೋದು ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಎಲ್ಲವೂ ಗೋಡೆಗೆ ಒಗ್ಗುವಂಥದ್ದೇ. ಅದನ್ನ ವಿನೈಲ್ ಸ್ಟಿಕರ್‌ನಲ್ಲಿ ಪ್ರಿಂಟ್ ಹಾಕಿಸಿದರೆ ಗೋಡೆಗೂ ಉಸಿರುಗಟ್ಟುತ್ತೆ, ಬರೆಯೋ ಹೆಂಗಸರಿಗೂ ಕೂಲಿ ತಪ್ಪುತ್ತೆ.

ನಮ್ಮ ಮನೆಯಲ್ಲಿ ಒಂದು ಬೇಸಿಗೆ ಪೂರ್ತಿ ಪೇಂಟು ಕೆರೆದು, ಗೋಡೆ ಒಣಗಲು ಬಿಟ್ಟು, ಕೋಣೆಗಳಿಗೆ ಸುಣ್ಣದ ಬಣ್ಣ, ನಡುಮನೆಗೆ ಕೆಮ್ಮಣ್ಣು ಬಳಿದ್ವಿ. ಅಜ್ಜಿಗೆ ಈಗ ಕೈ ನಡುಗುತ್ತೆ. ಪಕ್ಕದ ಮನೆಯ ಅತ್ತೆ ಬಂದು ಹೊಸ ಚಿತ್ತಾರ ಬರೆದ್ರು, ಚಿಕ್ಕಪ್ಪ ದುಡ್ಡು ಕೊಟ್ರು, ಕೆಳಗೆ ಅವರ ಹೆಸರು ಹಾಕಿಸಿದ್ರು. ಅಜ್ಜಿ ನೋಡಿ, "ಚೆನ್ನಾಗಿದೆ, ನಂದಲ್ಲ" ಅಂದ್ರು. ಅದು ಸರಿಯೇ. ಹೋದದ್ದು ವಾಪಸ್ ಬರಲಿಲ್ಲ.

ರಜೆಗೆ ಊರಿಗೆ ಹೋದಾಗ

ನಿಮ್ಮದೂ ಹಳೆ ಮನೆಯಾದರೆ ಈ ಮೂರು ಕೆಲಸ ಮಾಡಿ. ಒಂದು, ಗೋಡೆಗೆ ನಾಲ್ಕು ಹನಿ ನೀರು ಚಿಮುಕಿಸಿ. ಹೀರಿಕೊಂಡರೆ ಗೋಡೆ ಉಸಿರಾಡ್ತಿದೆ, ಮುತ್ತಿನ ಹಾಗೆ ಜಾರಿದರೆ ಪ್ಲಾಸ್ಟಿಕ್ ಇದೆ. ಎರಡು, ಬೆರಳ ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಬಿಟ್ಟುಕೊಂಡಿದೆ. ಮೂರು, ಯಾರಾದರೂ ಬಣ್ಣದ ಡಬ್ಬಿ ತೆರೆಯೋ ಮುಂಚೆ ಗೋಡೆ ಮೇಲೆ ಈಗಾಗಲೇ ಏನಿದೆ ಅಂತ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಅಜ್ಜಿಯ ಚಿತ್ತಾರದ ಒಂದೇ ಒಂದು ಫೋಟೋನೂ ನಮ್ಮ ಹತ್ರ ಇಲ್ಲ.