ಊರಲ್ಲಿ ಡ್ರೈವರ್, ದುಬೈಯಲ್ಲಿ ಮತ್ತೆ ಕಲಿಕಾರ್ಥಿ!

ಕಾಸರಗೋಡು: ಬದಿಯಡ್ಕ ಸಮೀಪದ ಆ ಯುವಕ ಊರಲ್ಲಿ ಹನ್ನೊಂದು ವರ್ಷ ಜೀಪು, ಪಿಕಪ್ ಓಡಿಸಿದವ. ಅಡಿಕೆ ಹೇರಿಕೊಂಡು ರಾತ್ರಿ ಹೊತ್ತು ಮಂಗಳೂರು ದಾರಿ ಹಿಡಿದವ. ಮಳೆಗಾಲದ ಕೆಸರು, ಗುಡ್ಡದ ತಿರುವು, ಹೆದ್ದಾರಿ ಕಾಮಗಾರಿಯ ಹೊಂಡ ಯಾವುದಕ್ಕೂ ಅಂಜಿದವನಲ್ಲ. ಅಂಥವನು 2024ರಲ್ಲಿ ದುಬೈಗೆ ಹೋಗಿ ರಸ್ತೆ ಪರೀಕ್ಷೆಯಲ್ಲಿ ಫೇಲಾದ. ಅದೂ ಒಂದಲ್ಲ, ಮೂರು ಸಲ!

"ಗಾಡಿ ಬಿಡ್ಲಿಕ್ಕೆ ಬರುದಿಲ್ಲ ಅಂತ ಅಲ್ಲ ಮಾರಾಯ್ರೆ, ಕನ್ನಡಿ ನೋಡ್ಲಿಲ್ಲ ಅಂತ ಫೇಲು" ಎಂದು ಊರಿಗೆ ಫೋನ್ ಮಾಡಿ ಹೇಳಿದಾಗ ಮನೆಯವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನಗುವ ಸ್ಥಿತಿಯೂ ಇರಲಿಲ್ಲ ಅನ್ನಿ. ಆರು ತಿಂಗಳೊಳಗೆ ಅಲ್ಲಿನ ಲೈಸನ್ಸ್ ಕೈಗೆ ಬಂದರೆ ಡ್ರೈವರ್ ಕೆಲಸ, ಇಲ್ಲದಿದ್ದರೆ ಗೋದಾಮಿನಲ್ಲಿ ಹೆಲ್ಪರ್ ಎಂಬ ಮಾತಿನ ಮೇಲೆ ಹೋದವನು. ವೀಸಾ, ವಿಮಾನದ ಖರ್ಚಿಗೆ ತಂಗಿಯ ಬಳೆ ಬ್ಯಾಂಕಿನಲ್ಲಿ ಅಡವಿಟ್ಟಾಗಿತ್ತು.

ಈ ಕತೆ ಅವನೊಬ್ಬನದಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಕಡೆಯಿಂದ ಗಲ್ಫ್ ಸೇರಿದವರಲ್ಲಿ ಸ್ಟಿಯರಿಂಗ್ ಹಿಡಿದೇ ಬದುಕು ಕಟ್ಟಿಕೊಂಡವರು ಬೇಕಾದಷ್ಟಿದ್ದಾರೆ. ಊರಿನ ಲೈಸನ್ಸ್ ತೋರಿಸಿದರೆ ಅಲ್ಲಿನದ್ದು ಬದಲಿಸಿ ಕೊಡುತ್ತಾರೆ ಎಂದು ನಂಬಿ ವಿಮಾನ ಹತ್ತುವವರು ಈಗಲೂ ಇದ್ದಾರೆ.

ಬದಲಿ ಉಂಟು, ನಮಗಿಲ್ಲ

ಬದಲಿಸಿ ಕೊಡುವ ಪದ್ಧತಿ ಇರುವುದು ನಿಜ. ಬ್ರಿಟನ್, ಅಮೆರಿಕ, ಜರ್ಮನಿ, ಜಪಾನ್ ಮೊದಲಾದ ದೇಶಗಳ ಪರವಾನಿಗೆ ಇದ್ದವರು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನೆಲೆಸಿದಾಗ ಕಣ್ಣಿನ ಪರೀಕ್ಷೆ, ಶುಲ್ಕ, ಕಾಗದಪತ್ರ ಮುಗಿಸಿ ಅಲ್ಲಿನ ಪರವಾನಿಗೆ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಒಂದು ದೇಶ ಇನ್ನೊಂದರ ಪರವಾನಿಗೆಯನ್ನು ಒಪ್ಪುವುದೆಂದರೆ ಅಲ್ಲಿನ ಪರೀಕ್ಷೆಯನ್ನು ನಂಬಿದಂತೆ. ನಮ್ಮ ಮೈದಾನದಲ್ಲಿ ಕಂಬಗಳ ನಡುವೆ 'ಎಚ್' ಹಾಕಿ ಪಾಸಾದದ್ದನ್ನು ಅವರು ಅಷ್ಟಾಗಿ ನಂಬಿದಂತಿಲ್ಲ!

ಆದರೆ ಊರಿನ ಲೈಸನ್ಸ್ ಪೂರಾ ದಂಡ ಅಂತಲೂ ಅಲ್ಲ. ದುಬೈಯಲ್ಲಿ ಹೊಸಬರಿಗೆ 20 ಗಂಟೆ ಚಾಲನಾ ತರಬೇತಿ ಕಡ್ಡಾಯವಾದರೆ, 2ರಿಂದ 5 ವರ್ಷ ಹಳೆಯ ಪರವಾನಿಗೆ ಇದ್ದವರಿಗೆ 15 ಗಂಟೆ, ಐದು ವರ್ಷ ದಾಟಿದ್ದರೆ 10 ಗಂಟೆ ಸಾಕು. ಹಾಗಾಗಿ ಹಳೇ ಲೈಸನ್ಸನ್ನು ಕಪಾಟಿನಲ್ಲಿ ಬಿಟ್ಟು ಹೋಗುವುದು ಬುದ್ಧಿವಂತಿಕೆಯಲ್ಲ.

2023ರಲ್ಲಿ ದುಬೈಯ ರಸ್ತೆ ಸಾರಿಗೆ ಪ್ರಾಧಿಕಾರ 'ಗೋಲ್ಡನ್ ಚಾನ್ಸ್' ಎಂಬ ಸೌಲಭ್ಯ ತಂದಿತು. ಪಟ್ಟಿಯಲ್ಲಿಲ್ಲದ ದೇಶಗಳ ಪರವಾನಿಗೆ ಇದ್ದವರೂ ತರಬೇತಿ ಇಲ್ಲದೆ ನೇರ ರಸ್ತೆ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದರೆ ಅವಕಾಶ ಒಂದೇ ಒಂದು ಸಲ. ಹೋಯಿತೋ, ಎಲ್ಲರಂತೆ ಡ್ರೈವಿಂಗ್ ಸ್ಕೂಲಿನ ಬಾಗಿಲು ತಟ್ಟಬೇಕು. ಬದಿಯಡ್ಕದ ಯುವಕನ ಮೊದಲ ಸೋಲು ಇಲ್ಲೇ ಆದದ್ದು. ಅಭ್ಯಾಸ ಇಲ್ಲದೆ, ಊರಿನ ಧೈರ್ಯವನ್ನೇ ನಂಬಿ ಹೋಗಿದ್ದ.

ಕೈ ಹೋಗುವುದು ಎಡಕ್ಕೆ, ಗೇರು ಬಲಕ್ಕೆ

ಕಷ್ಟ ಎಲ್ಲಿ? ಮೊದಲನೆಯದು ಬದಿ. ನಮ್ಮಲ್ಲಿ ರಸ್ತೆಯ ಎಡಕ್ಕೆ, ಅಲ್ಲಿ ಬಲಕ್ಕೆ. ಚಾಲಕ ಕೂರುವುದು ಎಡ ಸೀಟಿನಲ್ಲಿ. ಗೇರಿಗಾಗಿ ಎಡಗೈ ಚಾಚಿದರೆ ಸಿಗುವುದು ಬಾಗಿಲು! ಇದು ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ರೂಢಿಯಾಗದ್ದು ವೃತ್ತ. ಅಲ್ಲಿ ವೃತ್ತದೊಳಗೆ ಎಡದಿಂದ ಬರುತ್ತಿರುವ ವಾಹನಕ್ಕೆ ದಾರಿ ಬಿಟ್ಟೇ ಒಳಹೊಗಬೇಕು. ಎದುರಿನವನಿಗೆ ಲೈಟು ಮಿನುಗಿಸಿ ಹಾರ್ನ್ ಹಾಕಿ ನುಗ್ಗುವ ನಮ್ಮ ವಿದ್ಯೆ ನಡೆಯುವುದಿಲ್ಲ.

ಲೇನ್ ಬದಲಿಸುವಾಗ ಕನ್ನಡಿ, ಸಿಗ್ನಲ್, ಆಮೇಲೆ ಭುಜದ ಮೇಲಿಂದ ತಿರುಗಿ ನೋಡುವುದು. ಈ ಕ್ರಮ ತಪ್ಪಿದರೆ ಪಕ್ಕದಲ್ಲಿ ಕೂತ ಪರೀಕ್ಷಕರ ಪೆನ್ನು ಓಡುತ್ತದೆ. ಕಣ್ಣಂಚಿನಲ್ಲಿ ನೋಡಿದರೆ ಸಾಲದು, ನೋಡಿದ್ದು ಅವರಿಗೂ ಕಾಣಬೇಕು. ಶಾಲಾ ಬಸ್ಸು 'ಸ್ಟಾಪ್' ಫಲಕ ಚಾಚಿ ನಿಂತರೆ ಹಿಂದಿನ ವಾಹನ ನಿಲ್ಲಲೇಬೇಕು, ತಪ್ಪಿದರೆ 1,000 ದಿರ್ಹಂ ದಂಡ, ಲೈಸನ್ಸಿಗೆ 10 ಕಪ್ಪು ಅಂಕ. ಹನ್ನೊಂದು ವರ್ಷದ ಅನುಭವವೇ ಇಲ್ಲಿ ಶತ್ರು. ಹೊಸದಾಗಿ ಕಲಿತವ ಪಾಸಾಗುತ್ತಾನೆ, ಹಳೇ ಡ್ರೈವರನಿಗೆ ಮೊದಲು ಮರೆಯುವ ಕೆಲಸ. ಒಮಾನಿನಲ್ಲಿ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸುವ ಪರೀಕ್ಷೆಯನ್ನು ಅಲ್ಲಿದ್ದು ಬಂದ ಹಿರಿಯರು ಇವತ್ತಿಗೂ ಬಣ್ಣಿಸುತ್ತಾರೆ.

ಫೇಲಾದಾಗಲೆಲ್ಲ ಮತ್ತೆ ಕ್ಲಾಸು, ಮತ್ತೆ ಶುಲ್ಕ. ಲೆಕ್ಕ ಸಾವಿರಾರು ದಿರ್ಹಂ ದಾಟುತ್ತದೆ. ಇನ್ನೊಂದು ಸಂಗತಿ ಹಲವರಿಗೆ ತಡವಾಗಿ ತಿಳಿಯುತ್ತದೆ. ಸುಲಭವೆಂದು ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಸಿಗುವ ಲೈಸನ್ಸಿನಲ್ಲಿ ಗೇರಿನ ವಾಹನ ಓಡಿಸುವಂತಿಲ್ಲ. ಪಿಕಪ್ ಕೆಲಸಕ್ಕೆ ಹೋಗುವವರು ಹೆಸರು ನೋಂದಾಯಿಸುವಾಗಲೇ ಎಚ್ಚರ ವಹಿಸಬೇಕು.

ಇಂಟರ್‌ನ್ಯಾಷನಲ್ ಎಂಬ ತಪ್ಪು ತಿಳಿವಳಿಕೆ

"ನನ್ನದು ಇಂಟರ್‌ನ್ಯಾಷನಲ್ ಲೈಸನ್ಸ್ ಉಂಟು" ಎಂಬ ಮಾತೂ ಕೇಳಿಬರುತ್ತದೆ. ಆರ್‌ಟಿಓ ಕಚೇರಿಯಲ್ಲಿ 4ಎ ನಮೂನೆಯ ಅರ್ಜಿ, 1,000 ರೂ. ಶುಲ್ಕಕ್ಕೆ ಸಿಗುವ ಈ ಅಂತಾರಾಷ್ಟ್ರೀಯ ಪರ್ಮಿಟಿನ ಆಯುಷ್ಯ ಗರಿಷ್ಠ ಒಂದು ವರ್ಷ. ಊರಿನ ಲೈಸನ್ಸ್ ಜತೆಗಿದ್ದರಷ್ಟೇ ಅದಕ್ಕೆ ಬೆಲೆ. ಇದು ಪ್ರವಾಸಿಗರಿಗಾಗಿ ಇರುವಂಥದ್ದು. ಎಮಿರೇಟ್ಸ್‌ನಲ್ಲಿ ವಾಸದ ವೀಸಾ ಆದ ಮೇಲೆ ಅದನ್ನು ಹಿಡಿದು ಗಾಡಿ ಓಡಿಸಿದರೆ ಸಿಕ್ಕಿಬಿದ್ದಂತೆಯೇ. 2025ರ ಮಾರ್ಚ್ 29ರಂದು ಜಾರಿಗೆ ಬಂದ ಅಲ್ಲಿನ ಹೊಸ ಸಂಚಾರ ಕಾನೂನು ಇನ್ನಷ್ಟು ಬಿಗಿ. ಅಪಘಾತವೇನಾದರೂ ಆದರೆ ವಿಮೆಯೂ ಕೈಕೊಟ್ಟು, ಆಸ್ಪತ್ರೆಯ ಬಿಲ್ಲು ತಲೆಗೇ ಬೀಳುವ ಭಯ ಬೇರೆ.

ಕಷ್ಟಪಟ್ಟು ಪಡೆದ ದುಬೈ ಲೈಸನ್ಸಿಗೆ ಬೆಲೆಯೂ ಹಾಗೆಯೇ ಇದೆ. ಭಾರತದ ಪರವಾನಿಗೆಯನ್ನು ಬ್ರಿಟನ್ ಬದಲಿಸಿ ಕೊಡುವುದಿಲ್ಲ, ಒಂದು ವರ್ಷ ಓಡಿಸಲು ಬಿಟ್ಟು ಆಮೇಲೆ ಪರೀಕ್ಷೆಗೆ ಕೂರಿಸುತ್ತದೆ. ಎಮಿರೇಟ್ಸ್‌ನಲ್ಲಿ ಪಾಸಾಗಿ ಪಡೆದದ್ದಾದರೆ 2021ರಿಂದ ಅಲ್ಲಿ ಬದಲಿ ಸಿಗುತ್ತದೆ. ಕಾಸರಗೋಡಿನವ ಲಂಡನ್ನಿಗೆ ದುಬೈ ದಾರಿಯಾಗಿ ಹೋದರೆ ಲಾಭವೆಂದ ಹಾಗಾಯಿತು!

ಮರಳಿ ಬಂದವರ ಪಾಡು

ಇನ್ನು ಊರಿಗೆ ಮರಳಿದವರದು ತಿರುವುಮುರುವು ಕತೆ. ಕುಂಬಳೆ ಕಡೆಯ ಒಬ್ಬರು 2003ರಲ್ಲಿ 22ನೇ ವಯಸ್ಸಿಗೆ ಲೈಸನ್ಸ್ ಮಾಡಿಸಿದ್ದರು. ಅಂದಿನ ನಿಯಮದಂತೆ 20 ವರ್ಷ, ಅಂದರೆ 2023ಕ್ಕೆ ಅವಧಿ ಮುಗಿಯಿತು. ಅವರು ಗಲ್ಫ್ ಬಿಟ್ಟು ಬಂದದ್ದು 2025ರಲ್ಲಿ. ಮೊದಲು ಅವಧಿ ಮುಗಿದು ಐದು ವರ್ಷದೊಳಗಾದರೆ ಪರೀಕ್ಷೆಯಿಲ್ಲದೆ ನವೀಕರಿಸಬಹುದಿತ್ತು. 2019ರ ತಿದ್ದುಪಡಿಯಲ್ಲಿ ಅದು ಒಂದೇ ವರ್ಷಕ್ಕೆ ಇಳಿಯಿತು. "ಹದಿನಾಲ್ಕು ವರ್ಷ ಶೇಖ್ ಝಾಯೆದ್ ರೋಡಲ್ಲಿ ಬಿಟ್ಟಿದ್ದೇನೆ, ಇನ್ನೀಗ ಇಲ್ಲಿ ಎಚ್ ಹಾಕ್ಬೇಕಾ?" ಎಂಬುದು ಅವರ ಪ್ರಶ್ನೆ.

ಕಾಯಿದೆಯಲ್ಲಿ ಇದಕ್ಕೊಂದು ಬಾಗಿಲಿದೆ. 1988ರ ಮೋಟಾರು ವಾಹನ ಕಾಯಿದೆಯ 9ನೇ ವಿಭಾಗದ ಪ್ರಕಾರ, ಹೊರದೇಶದ ಅಧಿಕೃತ ಪರವಾನಿಗೆ ಇದ್ದವರು ಅದೇ ವರ್ಗದ ವಾಹನಕ್ಕೆ ಅರ್ಜಿ ಹಾಕಿದರೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು, ವೈದ್ಯಕೀಯ ಪ್ರಮಾಣಪತ್ರ ಬೇಕು. ಆದರೆ ಆ ಪರವಾನಿಗೆ ಜೀವಂತ ಇರಬೇಕು. ವೀಸಾ ರದ್ದಾದ ಸಂಭ್ರಮದಲ್ಲಿ ದುಬೈ ಲೈಸನ್ಸ್ ಎಲ್ಲೋ ಬಿಸಾಡಿ ಬರುವವರಿಗೆ ಇದು ತಿಳಿದಿರುವುದಿಲ್ಲ. ಕುಂಬಳೆಯವರ ಪೆಟ್ಟಿಗೆಯ ತಳದಲ್ಲಿ, ಪುಣ್ಯಕ್ಕೆ, ಅವರದ್ದು ಸಿಕ್ಕಿದೆ. ಅವಧಿ ಮುಗಿಯಲು ಇನ್ನೂ ಏಳು ತಿಂಗಳಿತ್ತು.

ಬದಿಯಡ್ಕದ ಯುವಕ ನಾಲ್ಕನೇ ಸಲಕ್ಕೆ ಪಾಸಾದ. ಗೋದಾಮಿನಿಂದ ಪಿಕಪ್ಪಿಗೆ ಬಡ್ತಿ ಸಿಕ್ಕಿದ್ದು ಐದೂವರೆ ತಿಂಗಳಿಗೆ. ಬಳೆ ಬಿಡಿಸಿಕೊಂಡಾಗಿದೆ. ರಜೆಗೆ ಊರಿಗೆ ಬಂದವನು ಅಣ್ಣನ ಜೀಪು ಹತ್ತಿ ಹೊರಟರೆ, ಪ್ರತೀ ತಿರುವಿನಲ್ಲೂ ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಾನಂತೆ. "ಎಂತ ಮಾರಾಯ, ಯಾರಾದ್ರೂ ಹಿಂದಿಂದ ಬರ್ತಿದ್ದಾರಾ?" ಎಂದು ಅಣ್ಣ ಕೇಳುತ್ತಾನೆ.